ಡಿಆರ್‌ಸಿ ಸೊನ್ನೆ, ಆದರೂ ಬೋರ್ಡ್ ಓಡುತ್ತಿಲ್ಲ: ಮೊದಲ ಪಿಸಿಬಿಗೆ ದೋಷ ನಿವಾರಣೆ ಕೈಪಿಡಿ

"ಡಿಆರ್‌ಸಿ ಸೊನ್ನಿ ತೋರಸ್ತದರೀ ಸರ್, ಖರೆ ಬೋರ್ಡ್ ಓಡವಲ್ದು." ಬೆಳಗಾವಿ, ಬಾಗಲಕೋಟೆ, ವಿಜಯಪುರದ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಲ್ಯಾಬುಗಳಲ್ಲಿ ಪ್ರಾಜೆಕ್ಟ್ ಹೊತ್ತಿಗೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಡಿಆರ್‌ಸಿ, ಅಂದರೆ ಪಿಸಿಬಿ (ಮುದ್ರಿತ ಸರ್ಕ್ಯೂಟ್ ಬೋರ್ಡ್) ಸಾಫ್ಟ್‌ವೇರ್ ಮಾಡುವ ವಿನ್ಯಾಸ ನಿಯಮ ತಪಾಸಣೆ, ನೀವು ಬರೆದುಕೊಟ್ಟ ನಿಯಮಗಳನ್ನಷ್ಟೇ ನೋಡುತ್ತದೆ. ಅಂಗಡಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರಿನ ಕಾಲುಗಳು ಯಾವ ಕ್ರಮದಲ್ಲಿವೆ, ಯಾವ ತಂತಿಯಲ್ಲಿ 5 ವೋಲ್ಟ್ ಇದೆ, ಯಾವುದರಲ್ಲಿ 230 ವೋಲ್ಟ್ ಇದೆ ಎಂಬುದು ಅದಕ್ಕೆ ತಿಳಿಯದು. ಹೊಸಬರ ಬೋರ್ಡಿನ ತಪ್ಪುಗಳು ಹೆಚ್ಚಾಗಿ ಅಡಗಿರುವುದು ತೆರೆಯ ಮೇಲಿನ ಚಿತ್ರಕ್ಕೂ ಕೈಯಲ್ಲಿರುವ ಬಿಡಿಭಾಗಕ್ಕೂ ನಡುವಿನ ಸಂದಿಯಲ್ಲಿ.

ಈ ಕೈಪಿಡಿಯುದ್ದಕ್ಕೂ ಒಂದೇ ಬೋರ್ಡನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅದು ಈ ಭಾಗದ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವ ಬೋರ್‌ವೆಲ್ ಪಂಪ್ ನಿಯಂತ್ರಕ: 12 ವೋಲ್ಟ್ ಅಡಾಪ್ಟರ್, ಅದನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್, ಎಟಿಮೆಗಾ328ಪಿ ಚಿಪ್, ಬಿಸಿ547 ಟ್ರಾನ್ಸಿಸ್ಟರ್, ಸಕ್ಕರೆ ಅಚ್ಚಿನಂಥ 12 ವೋಲ್ಟ್ ರಿಲೇ (ಕಾಯಿಲಿನಿಂದ ಓಡುವ ಸ್ವಿಚ್), ತೊಟ್ಟಿಯ ನೀರಿನ ಮಟ್ಟ ನೋಡುವ ಪ್ರೋಬ್‌ಗಳು. ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೈಕ್ಯಾಡ್. ಅದರಲ್ಲಿ ಮೊದಲು ಸ್ಕೀಮ್ಯಾಟಿಕ್ (ಸರ್ಕ್ಯೂಟ್ ಚಿತ್ರ), ಆಮೇಲೆ ಲೇಔಟ್ (ಬೋರ್ಡಿನ ತಾಮ್ರದ ನಕ್ಷೆ). ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಮೆನುವಿನ ಹೆಸರು ಬದಲಾಗುತ್ತದೆ, ತಪ್ಪುಗಳು ಅವೇ.

ಬೇಕಾಗುವ ಸಾಮಾನು: ಬೀಪ್ ಇರುವ ಮಲ್ಟಿಮೀಟರ್, ಸ್ಕೇಲು ಅಥವಾ ವರ್ನಿಯರ್, ಭೂತಗನ್ನಡಿ, ಮತ್ತು ಬೈಕಿನ ಹಿಂದಿನ ದೀಪದ 12 ವೋಲ್ಟ್ 5 ವ್ಯಾಟ್ ಬಲ್ಬ್ ಒಂದು. ಬಲ್ಬ್ ಏಕೆ ಎಂಬುದು ಮುಂದೆ ಬರುತ್ತದೆ. ಬೀಪ್ ಪರೀಕ್ಷೆ ಮಾಡುವಾಗ ಬೋರ್ಡಿಗೆ ಕರೆಂಟ್ ಇರಕೂಡದು, ಅಡಾಪ್ಟರ್ ಪಿನ್ ಕಿತ್ತಿರಬೇಕು.

ಸ್ಕೀಮ್ಯಾಟಿಕ್‌ನಲ್ಲಿ "ಪವರ್ ಪಿನ್‌ಗೆ ಪೂರೈಕೆ ಇಲ್ಲ" ಎಂಬ ದೋಷ

ಇಆರ್‌ಸಿ, ಅಂದರೆ ಸ್ಕೀಮ್ಯಾಟಿಕ್‌ನ ವಿದ್ಯುತ್ ನಿಯಮ ತಪಾಸಣೆ, ಓಡಿಸಿದಾಗ ಹೊಸಬರು ಮೊದಲು ಕಾಣುವ ಕೆಂಪು ಬಾಣ ಇದೇ. 12 ವೋಲ್ಟ್ ತಂತಿ ಎಳೆದಿದ್ದೀರಿ, ಗ್ರೌಂಡ್ ಎಳೆದಿದ್ದೀರಿ, ಆದರೂ ದೋಷ ಹೋಗುವುದಿಲ್ಲ. ಕನೆಕ್ಟರ್‌ನ ಪಿನ್‌ಗಳನ್ನು ಸಾಫ್ಟ್‌ವೇರ್ ನಿಷ್ಕ್ರಿಯ ಪಿನ್ ಎಂದು ಎಣಿಸುತ್ತದೆ. ಆ ಕನೆಕ್ಟರ್‌ನಿಂದಲೇ ವಿದ್ಯುತ್ ಒಳಗೆ ಬರುತ್ತದೆ ಎಂದು ನೀವು ಹೇಳಿಲ್ಲ. 12 ವೋಲ್ಟ್ ತಂತಿಗೊಂದು, ಗ್ರೌಂಡ್‌ಗೊಂದು ಪವರ್ ಫ್ಲ್ಯಾಗ್ ಹಚ್ಚಿದರೆ ಮುಗಿಯಿತು. 5 ವೋಲ್ಟಿಗೆ ಬೇಕಿಲ್ಲ, 7805ರ ಹೊರಪಿನ್ ಆ ಕೆಲಸ ಮಾಡುತ್ತದೆ.

ಇದು ಹುಸಿ ಎಚ್ಚರಿಕೆ ಎಂದುಕೊಂಡು ಇಆರ್‌ಸಿಯನ್ನೇ ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಇದೇ ದೋಷ ಎಟಿಮೆಗಾದ 20ನೇ ಪಿನ್ ಮೇಲೂ ಬಂದಿದ್ದರೆ ಅದು ನಿಜವಾದ ತಪ್ಪು. ಅನಲಾಗ್ ಭಾಗದ ಪವರ್ ಪಿನ್ ಎಲ್ಲಿಗೂ ಸೇರಿಲ್ಲ ಎಂದು ಅದರರ್ಥ.

ಎರಡು ಪಿನ್‌ಗಳ ನಡುವೆ ಇರಬೇಕಾದ ತೆಳು ಗೆರೆ ಕಾಣುತ್ತಿಲ್ಲ

ಲೇಔಟಿಗೆ ಬಂದ ಮೇಲೆ ಜೋಡಿಸಬೇಕಾದ ಪ್ಯಾಡ್‌ಗಳ (ಕಾಲು ಬೆಸೆಯುವ ತಾಮ್ರದ ಬಿಲ್ಲೆಗಳ) ನಡುವೆ ತೆಳುವಾದ ಗೆರೆಗಳು ಕಾಣಬೇಕು. ಒಂದೆಡೆ ಕಾಣದಿದ್ದರೆ ಟ್ರ್ಯಾಕ್ (ತಾಮ್ರದ ದಾರಿ) ಎಳೆದು ಮುಚ್ಚಿಹಾಕಲು ಹೋಗಬೇಡಿ, ಸ್ಕೀಮ್ಯಾಟಿಕ್‌ಗೆ ಹಿಂದಿರುಗಿ.

ಮೊದಲು ಎಫ್8 ಒತ್ತಿ ಸ್ಕೀಮ್ಯಾಟಿಕ್‌ನ ಬದಲಾವಣೆಗಳನ್ನು ಲೇಔಟಿಗೆ ತನ್ನಿ. ಅರ್ಧಕ್ಕರ್ಧ ಸಲ ಇಷ್ಟೇ ಆಗಿರುತ್ತದೆ. ಹೋಗದಿದ್ದರೆ ಸ್ಕೀಮ್ಯಾಟಿಕ್‌ನಲ್ಲಿ ಆ ಬಿಡಿಭಾಗವನ್ನು ಹಿಡಿದು ಸ್ವಲ್ಪ ಎಳೆಯಿರಿ. ತಂತಿಯೂ ಜೊತೆಗೆ ಬಂದರೆ ಜೋಡಣೆ ಇದೆ, ತಂತಿ ಅಲ್ಲೇ ಉಳಿದರೆ ಅದು ಪಿನ್ನಿನ ತುದಿಗೆ ತಾಗಿಯೇ ಇರಲಿಲ್ಲ. ಸಿಂಬಲ್‌ಗಳ ಪಿನ್ ತುದಿಗಳು 1.27 ಮಿ.ಮೀ. ಗ್ರಿಡ್ ಮೇಲೆ ಕೂರುತ್ತವೆ. ನಡುವೆ ಗ್ರಿಡ್ ಸಣ್ಣದು ಮಾಡಿ ತಂತಿ ಎಳೆದರೆ ತುದಿ ಕೂದಲೆಳೆಯಷ್ಟು ತಪ್ಪಿ ನಿಲ್ಲುತ್ತದೆ, ಕಣ್ಣಿಗೆ ಸೇರಿದಂತೆಯೇ ಕಾಣುತ್ತದೆ.

ಹೆಸರಿನ ತಪ್ಪೂ ಉಂಟು. ಚಿಪ್ಪಿನ ಹತ್ತಿರ ವಿಸಿಸಿ ಎಂಬ ಚಿಹ್ನೆ, ರೆಗ್ಯುಲೇಟರ್ ಹತ್ತಿರ +5ವಿ ಎಂಬ ಚಿಹ್ನೆ ಇಟ್ಟಿದ್ದರೆ ನಿಮಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಎರಡು ಬೇರೆ ನೆಟ್ (ಒಂದಕ್ಕೊಂದು ಸೇರಿದ ಪಿನ್‌ಗಳ ಗುಂಪು). ಎರಡೂ ತಮ್ಮ ತಮ್ಮೊಳಗೆ ಸರಿಯಾಗಿಯೇ ಜೋಡಿಸಿಕೊಂಡಿರುವುದರಿಂದ ಡಿಆರ್‌ಸಿ ಸೊನ್ನೆ ತೋರಿಸುತ್ತದೆ. ಬೋರ್ಡ್ ಕೈಗೆ ಬಂದ ಮೇಲೆ ಚಿಪ್ಪಿಗೆ ಕರೆಂಟೇ ಇರುವುದಿಲ್ಲ.

ಗ್ರೌಂಡ್ ತಾಮ್ರ ತುಂಬುತ್ತಿಲ್ಲ, ಅಥವಾ ತುಂಬಿದರೂ ಗ್ರೌಂಡ್ ಸೇರಿಲ್ಲ ಎನ್ನುತ್ತದೆ

ಬಿ ಕೀಲಿ ಒತ್ತಿ ಝೋನ್ (ತಾಮ್ರ ತುಂಬುವ ಜಾಗ) ಮತ್ತೆ ತುಂಬಿಸಿ. ಆಮೇಲೂ ಖಾಲಿ ಇದ್ದರೆ ಝೋನಿಗೆ ಗ್ರೌಂಡ್ ನೆಟ್ ಕೊಟ್ಟಿದ್ದೀರೋ ಇಲ್ಲವೋ ನೋಡಿ. ತುಂಬಿಯೂ ಕೆಲವು ಪ್ಯಾಡ್ ಒಂಟಿಯಾಗಿ ಉಳಿದರೆ ಸುತ್ತಲಿನ ಟ್ರ್ಯಾಕ್‌ಗಳು ಬೇಲಿ ಹಾಕಿ ತಾಮ್ರವನ್ನು ನಡುಗಡ್ಡೆ ಮಾಡಿವೆ. ಒಂದು ಟ್ರ್ಯಾಕನ್ನು ಸರಿಸಿ ದಾರಿ ಬಿಡಿ, ಇಲ್ಲವೇ ಜಂಪರ್ ತಂತಿ ಹಾಕಿ.

ಬಿಡಿಭಾಗ ತೂತಿಗೆ ಕೂರುತ್ತಿಲ್ಲ

ಈ ತಪ್ಪನ್ನು ಹಿಡಿಯಲು ಒಂದು ಕಾಗದ ಸಾಕು. ಬೋರ್ಡ್ ಮಾಡಿಸುವ ಮೊದಲು ಲೇಔಟನ್ನು 1:1 ಅಳತೆಯಲ್ಲಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ, ಗುಂಡುಸೂಜಿಯಿಂದ ತೂತು ಮಾಡಿ, ಕೊಂಡು ತಂದ ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ಚುಚ್ಚಿ ನೋಡಿ. ನಮ್ಮ ಊರುಗಳಿಗೆ ತಯಾರಾದ ಬೋರ್ಡ್ ಬರುವುದು ಹೊರಗಿನಿಂದ, ಕೊರಿಯರ್‌ನಲ್ಲಿ. ಅರ್ಧ ಗಂಟೆಯ ಈ ಕೆಲಸ ವಾರಗಟ್ಟಲೆ ಕಾಯುವುದನ್ನು ಉಳಿಸುತ್ತದೆ.

ಮುದ್ರಣವೇ ಸರಿ ಅಳತೆಯಲ್ಲಿದೆಯೇ ಎಂದು ಮೊದಲು ತಿಳಿಯಬೇಕು. 28 ಪಿನ್ನಿನ ಎಟಿಮೆಗಾ ಚಿಪ್ಪಿನ 1ನೇ ಪ್ಯಾಡಿನ ನಡುವಿನಿಂದ 14ನೇ ಪ್ಯಾಡಿನ ನಡುವಿಗೆ ಸ್ಕೇಲು ಹಿಡಿಯಿರಿ. ನಡುವೆ 13 ಅಂತರಗಳು, ಒಂದೊಂದು 2.54 ಮಿ.ಮೀ., ಒಟ್ಟು 33 ಮಿ.ಮೀ. ಬರಬೇಕು. 32 ಬಂದರೆ ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ನೂರಕ್ಕೆ 97ರಷ್ಟು ಕುಗ್ಗಿಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್ ಕೊಟ್ಟು ಮುದ್ರಿಸಿದಾಗ ಹೀಗಾಗುವುದು ಮಾಮೂಲು. "ಅಣ್ಣಾ, ಫಿಟ್ ಟು ಪೇಜ್ ತೆಗೀರಿ, ಆಕ್ಚುಯಲ್ ಸೈಜ್ ಇಡ್ರಿ" ಎಂದು ಹೇಳಿಯೇ ಕೊಡಿ.

ಕಾಗದ ಸರಿ ಇದ್ದೂ ಬಿಡಿಭಾಗ ಕೂರದಿದ್ದರೆ ಫುಟ್‌ಪ್ರಿಂಟ್ (ಬಿಡಿಭಾಗದ ತೂತು, ಪ್ಯಾಡ್‌ಗಳ ನಕ್ಷೆ) ಆಯ್ಕೆ ತಪ್ಪಿದೆ. ಹೆಚ್ಚಾಗಿ ಎಡವುವುದು ಸ್ಕ್ರೂ ಟರ್ಮಿನಲ್‌ನಲ್ಲಿ. 5.00 ಮಿ.ಮೀ. ಅಂತರದವೂ ಇವೆ, 5.08ರವೂ ಇವೆ. ಎರಡು ಪಿನ್ನಿನದಾದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎಂಟು ಪಿನ್ನಿನ ಸಾಲಾದರೆ ಕೊನೆಯ ಪಿನ್ ಅರ್ಧ ಮಿ.ಮೀ.ಗಿಂತ ಹೆಚ್ಚು ತಪ್ಪಿ ನಿಲ್ಲುತ್ತದೆ, ಒತ್ತಿದರೆ ಪ್ಯಾಡ್ ಕಿತ್ತು ಬರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಕಾಲಿನ ಅಂತರವೂ ಗಾತ್ರದೊಂದಿಗೆ 2.5, 3.5, 5 ಮಿ.ಮೀ. ಎಂದು ಬದಲಾಗುತ್ತದೆ. ಆದ್ದರಿಂದ ಬಿಡಿಭಾಗಗಳನ್ನು ಮೊದಲು ಕೊಳ್ಳಿ, ಅಳೆಯಿರಿ, ಆಮೇಲೆ ಫುಟ್‌ಪ್ರಿಂಟ್ ಹಚ್ಚಿ.

ತೂತಿನ ಅಳತೆ: ಐಸಿ ಸಾಕೆಟ್, ಕಾಲು ವ್ಯಾಟ್ ರೆಸಿಸ್ಟರ್‌ಗೆ 0.8 ಮಿ.ಮೀ.; ಪಿನ್ ಹೆಡರ್‌ಗೆ 1.0, ಏಕೆಂದರೆ ಅದರ 0.64 ಮಿ.ಮೀ. ಚೌಕ ಕಂಬಿಯ ಮೂಲೆಯಿಂದ ಮೂಲೆಗೆ 0.9 ಆಗುತ್ತದೆ, 1ಎನ್4007 ಡಯೋಡ್ ಮತ್ತು 7805ಕ್ಕೆ 1.1, ಸ್ಕ್ರೂ ಟರ್ಮಿನಲ್‌ಗೆ 1.3.

ಮನೆಯಲ್ಲಿ ಮಾಡಿದ ಬೋರ್ಡು: ಚಿಪ್ ತಿರುಗುಮುರುಗು, ಅಥವಾ ಟ್ರ್ಯಾಕ್ ತುಂಡು ತುಂಡು

ಮುದ್ರಣದ ಟೋನರನ್ನು ಇಸ್ತ್ರಿಯಿಂದ ತಾಮ್ರಕ್ಕೆ ಹತ್ತಿಸಿ, ಉಳಿದ ತಾಮ್ರವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಕರಗಿಸುವವರಿಗೆ ಕನ್ನಡಿ ಬಿಂಬದ ಗೊಂದಲ ತಪ್ಪಿದ್ದಲ್ಲ. ಇದಕ್ಕೆ ಒಂದೇ ಸೂತ್ರ ಸಾಕು. ಕೆಳಪದರದ ತಾಮ್ರದ ಮೇಲೆ ನಿಮ್ಮ ಹೆಸರಿನ ಒಂದು ಅಕ್ಷರ ಬರೆದಿಡಿ. ಮುದ್ರಿಸಿದ ಕಾಗದದಲ್ಲಿ ಆ ಅಕ್ಷರ ತಿರುಗುಮುರುಗಾಗಿ ಕಾಣಬೇಕು, ತಾಮ್ರಕ್ಕೆ ಹತ್ತಿದ ಮೇಲೆ ನೇರವಾಗಿ ಓದಲು ಬರಬೇಕು. ಕೆಳಪದರವನ್ನು ಕೈಕ್ಯಾಡ್‌ನಿಂದ ಇದ್ದ ಹಾಗೇ ಮುದ್ರಿಸಿದರೆ ಹೀಗೇ ಬರುತ್ತದೆ, ಮಿರರ್ ಆಯ್ಕೆ ಒತ್ತುವ ಅಗತ್ಯವಿಲ್ಲ. ಮೇಲ್ಪದರಕ್ಕೆ ಮಾತ್ರ ಮಿರರ್ ಬೇಕು. ಬೋರ್ಡ್ ಆಗಲೇ ತಿರುಗುಮುರುಗಾಗಿದ್ದರೆ ಚಿಪ್ ಸಾಕೆಟನ್ನು ತಾಮ್ರದ ಬದಿಗೇ ಬೆಸೆದು ಪರೀಕ್ಷೆ ಮಾಡಬಹುದು. ಪ್ರದರ್ಶನಕ್ಕೆ ಚೆಂದ ಕಾಣುವುದಿಲ್ಲ, ಸರ್ಕ್ಯೂಟ್ ಸರಿಯೇ ಎಂಬುದಂತೂ ತಿಳಿಯುತ್ತದೆ.

ಟ್ರ್ಯಾಕ್ ತುಂಡಾಗಿದ್ದರೆ ನಿಮ್ಮ ಕೈಗಿಂತ ಲೇಔಟಿನ ತಪ್ಪೇ ಹೆಚ್ಚಿರಬಹುದು. ಕಾರ್ಖಾನೆಗೆ ಸರಿಹೊಂದುವ 0.2 ಮಿ.ಮೀ. ಟ್ರ್ಯಾಕ್, 0.2 ಮಿ.ಮೀ. ಅಂತರ ಇಸ್ತ್ರಿಪೆಟ್ಟಿಗೆಗೆ ನಡೆಯುವುದಿಲ್ಲ. ಟ್ರ್ಯಾಕ್ 0.8, ಅಂತರ 0.5, ಪ್ಯಾಡ್ 2 ಮಿ.ಮೀ. ಇಟ್ಟುಕೊಳ್ಳಿ. ಈ ಅಂಕಿಗಳನ್ನು ಬೋರ್ಡ್ ಸೆಟಪ್‌ನಲ್ಲಿ ಮೊದಲೇ ತುಂಬಿದರೆ ಡಿಆರ್‌ಸಿ ನಿಮ್ಮ ಇಸ್ತ್ರಿಗೆ ತಕ್ಕಂತೆ ತಪಾಸಣೆ ಮಾಡುತ್ತದೆ. ಬಿಸಿ547ಕ್ಕೆ ಮಾಮೂಲು ಫುಟ್‌ಪ್ರಿಂಟಿನ ಪ್ಯಾಡ್‌ಗಳು 1.27 ಮಿ.ಮೀ. ದೂರದಲ್ಲಷ್ಟೇ ಇರುತ್ತವೆ, ಅದರ ಬದಲು ವೈಡ್ ಎಂದು ಹೆಸರಿರುವುದನ್ನು ಆರಿಸಿ, ಅದರಲ್ಲಿ 2.54 ಸಿಗುತ್ತದೆ. ಎರಡು ಬದಿಯ ಬೋರ್ಡ್ ಮನೆಯಲ್ಲಿ ಬೇಡ. ತೂತಿನೊಳಗೆ ತಾಮ್ರದ ಲೇಪ ಇರುವುದಿಲ್ಲ, ಸಾಕೆಟ್‌ನ ಕೆಳಗೆ ಮೇಲ್ಬದಿಯ ಪ್ಯಾಡಿಗೆ ಬೆಸುಗೆ ಕಡ್ಡಿ ಹೋಗುವುದೂ ಇಲ್ಲ.

ಫೆರಿಕ್ ಕ್ಲೋರೈಡ್ ಬಗ್ಗೆ ಎಚ್ಚರ: ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು, ಬಿಸಿಯಾಗಿ ಸಿಡಿಯುತ್ತದೆ. ಪ್ಲಾಸ್ಟಿಕ್ ತಟ್ಟೆಯನ್ನೇ ಬಳಸಿ, ಅಲ್ಯೂಮಿನಿಯಂ ಅಥವಾ ಸ್ಟೀಲ್ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ಕೈಗವಸು, ಕನ್ನಡಕ, ಗಾಳಿ ಆಡುವ ಜಾಗ ಇರಲಿ. ಉಳಿದ ದ್ರಾವಣವನ್ನು ಬಚ್ಚಲಿಗೋ ಗಟಾರಕ್ಕೋ ಹೊಲದ ಬದುವಿಗೋ ಚೆಲ್ಲಬೇಡಿ, ಅದರಲ್ಲಿ ಕರಗಿದ ತಾಮ್ರವಿದೆ. ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕಾಲೇಜಿನ ರಸಾಯನ ಲ್ಯಾಬಿಗೆ ಒಪ್ಪಿಸಿ. ತೂತು ಕೊರೆಯುವಾಗ ಗಾಜಿನ ನಾರಿನ ಧೂಳು ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಕಾರ್ಖಾನೆಯವರು ಫೈಲ್ ವಾಪಸ್ ಕಳಿಸಿದ್ದಾರೆ

"ಅಂಚು ಇಲ್ಲ" ಎಂದರೆ ಬೋರ್ಡಿನ ಹೊರಗೆರೆಯನ್ನು ಎಡ್ಜ್ ಕಟ್ಸ್ ಪದರದಲ್ಲಿ ಎಳೆಯುವ ಬದಲು ಅಕ್ಷರಗಳ ಪದರದಲ್ಲಿ ಎಳೆದಿದ್ದೀರಿ, ಅಥವಾ ಮೂಲೆಯಲ್ಲಿ ಗೆರೆಗಳು ಕೂಡಿಲ್ಲ. ಎರಡನೆಯದನ್ನು ಡಿಆರ್‌ಸಿ ಹಿಡಿಯುತ್ತದೆ. "ತೂತು ಇಲ್ಲ" ಎಂದರೆ ಗರ್ಬರ್ (ಕಾರ್ಖಾನೆಗೆ ಕಳಿಸುವ ಪದರಗಳ ಫೈಲ್) ಪ್ಲಾಟ್ ಒತ್ತಿ, ಪಕ್ಕದಲ್ಲಿರುವ ಡ್ರಿಲ್ ಫೈಲ್ ಬಟನ್ ಒತ್ತುವುದನ್ನು ಮರೆತಿದ್ದೀರಿ, ಅದು ಬೇರೆಯೇ ಹೆಜ್ಜೆ. ಕಳಿಸುವ ಮುನ್ನ ಎಲ್ಲ ಫೈಲುಗಳನ್ನೂ ಗರ್ಬರ್ ವ್ಯೂವರ್‌ನಲ್ಲಿ ಒಟ್ಟಿಗೆ ತೆರೆದು, ಪ್ರತಿ ತೂತೂ ಪ್ಯಾಡಿನ ನಡುವೆ ಕೂತಿದೆಯೇ ನೋಡಿ.

ಕರೆಂಟ್ ಕೊಟ್ಟ ಕೂಡಲೇ ಅಡಾಪ್ಟರ್ ಕುಸಿಯುತ್ತದೆ, ಏನೋ ಬಿಸಿಯಾಗುತ್ತದೆ

ತಕ್ಷಣ ಪಿನ್ ಕೀಳಿ. "ಇನ್ನೊಮ್ಮೆ ಕೊಟ್ಟು ನೋಡೋಣ" ಎಂಬುದು ಚಿಪ್ ಸುಡುವ ದಾರಿ.

ಚಿಪ್ಪನ್ನು ಸಾಕೆಟ್‌ನಿಂದ ತೆಗೆದಿಡಿ. ಮೀಟರನ್ನು ಓಮ್‌ಗೆ ತಿರುಗಿಸಿ 12 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಆಮೇಲೆ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಅಂಕಿ ಕಡಿಮೆಯಿಂದ ಶುರುವಾಗಿ ಮೇಲೇರುತ್ತಾ ಹೋದರೆ ಕೆಪಾಸಿಟರ್ ತುಂಬಿಕೊಳ್ಳುತ್ತಿದೆ, ಭಯವಿಲ್ಲ. ಒಂದೆರಡು ಓಮ್‌ನಲ್ಲೇ ನಿಂತುಬಿಟ್ಟರೆ ಶಾರ್ಟ್ ಇದೆ. ಮನೆಯ ಬೋರ್ಡಾದರೆ ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಹಿಡಿದು ನೋಡಿ: ತಾಮ್ರ ಉಳಿದ ಜಾಗ ಕಪ್ಪಾಗಿ, ಕರಗಿದ ಜಾಗ ಬೆಳಕಾಗಿ ಕಾಣುತ್ತದೆ. ಕೂದಲಿನಂಥ ಕಪ್ಪು ಎಳೆಯೊಂದು ಟ್ರ್ಯಾಕಿನಿಂದ ಗ್ರೌಂಡ್ ತಾಮ್ರಕ್ಕೆ ದಾಟಿದ್ದರೆ ಅದೇ ಕಳ್ಳ. ಕಟ್ಟರ್ ತುದಿಯಿಂದ ಗೀರಿ ತೆಗೆಯಿರಿ. ಆಮೇಲೆ ಬೆಸುಗೆ ಸೇತುವೆಗಳು, ಮುಖ್ಯವಾಗಿ ಸಾಕೆಟ್ ಪಿನ್‌ಗಳ ನಡುವೆ. ಆಮೇಲೆ ತಲೆಕೆಳಗಾಗಿ ಕೂತ ಎಲೆಕ್ಟ್ರೊಲಿಟಿಕ್: ಅದರ ಮೈಮೇಲಿನ ಪಟ್ಟಿ ಋಣ ತುದಿ. ಒಮ್ಮೆ ತಲೆಕೆಳಗಾಗಿ ಕರೆಂಟ್ ಕಂಡದ್ದನ್ನು ಮತ್ತೆ ಬಳಸಬೇಡಿ, ಅದು ಮುಂದೆಂದಾದರೂ ಸಿಡಿಯಬಹುದು.

ಮತ್ತೆ ಕರೆಂಟ್ ಕೊಡುವಾಗ ಆ ಬೈಕಿನ ಬಲ್ಬನ್ನು ಅಡಾಪ್ಟರ್‌ನ ಧನ ತಂತಿಗೆ ಸರಣಿಯಲ್ಲಿ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಹರಿಯುವ ಕರೆಂಟ್ 0.4 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಟ್ರ್ಯಾಕ್ ಉಳಿಯುತ್ತದೆ. ಬೋರ್ಡ್ ಸರಿ ಇದ್ದರೆ ಬಲ್ಬ್ ಒಂದು ಕ್ಷಣ ಮಿನುಗಿ ಆರುತ್ತದೆ. ಲ್ಯಾಬಿನಲ್ಲಿ ಕರೆಂಟ್ ಮಿತಿ ಇಡುವ ಪವರ್ ಸಪ್ಲೈ ಇದ್ದರೆ 100 ಮಿಲಿ ಆಂಪಿಯರ್‌ಗೆ ಇಟ್ಟು ಶುರು ಮಾಡಿ.

12 ವೋಲ್ಟ್ ಇದೆ, 5 ವೋಲ್ಟ್ ಇಲ್ಲ

7805ರ ಅಕ್ಷರಗಳಿರುವ ಮುಖ ನಿಮ್ಮ ಕಡೆ ಇಟ್ಟರೆ ಎಡದಿಂದ ಒಳಪಿನ್, ಗ್ರೌಂಡ್, ಹೊರಪಿನ್. ಸಣ್ಣ ಟ್ರಾನ್ಸಿಸ್ಟರಿನಂತೆ ಕಾಣುವ 78ಎಲ್05 ತದ್ವಿರುದ್ಧ: ಚಪ್ಪಟೆ ಮುಖ ನಿಮ್ಮೆಡೆಗಿದ್ದರೆ ಎಡದಲ್ಲಿ ಹೊರಪಿನ್. ಎಲ್‌ಎಂ317 ಆದರೆ ಎಡದಿಂದ ಹೊಂದಾಣಿಕೆ ಪಿನ್, ಹೊರಪಿನ್, ಒಳಪಿನ್. ಮೂರು ಕಾಲಿನದೆಲ್ಲ ಒಂದೇ ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಬೇಡಿ.

5 ವೋಲ್ಟ್ ಬಂದು ಕೆಲ ನಿಮಿಷಕ್ಕೆ ಹೋಗಿ, ತಣ್ಣಗಾದ ಮೇಲೆ ಮತ್ತೆ ಬಂದರೆ ರೆಗ್ಯುಲೇಟರ್ ಬಿಸಿ ತಾಳದೆ ತಾನೇ ಆರುತ್ತಿದೆ. ಲೆಕ್ಕ ಹಾಕಿ ನೋಡಿ. 12ರಿಂದ 5ಕ್ಕೆ ಇಳಿಸುವಾಗ 7 ವೋಲ್ಟ್ ಅದರ ಮೈಮೇಲೆ. 300 ಮಿಲಿ ಆಂಪಿಯರ್ ಎಳೆದರೆ 2.1 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದ 7805 ವ್ಯಾಟ್‌ಗೆ ಸುಮಾರು 65 ಡಿಗ್ರಿ ಏರುತ್ತದೆ, ಅಂದರೆ 136 ಡಿಗ್ರಿ ಏರಿಕೆ. ವಿಜಯಪುರದ ಮೇ ತಿಂಗಳಲ್ಲಿ ಗಾಳಿಯೇ 40 ದಾಟಿರುತ್ತದೆ, ಬಿಸಿಲಲ್ಲಿ ನಿಂತ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಲ್ಯಾಬಿನ ಫ್ಯಾನಿನ ಕೆಳಗೆ ಓಡಿದ ಬೋರ್ಡ್ ಹೊಲದಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. ಹಾಗೆ ನೋಡಿದರೆ ರಿಲೇ 12 ವೋಲ್ಟಿನಿಂದಲೇ ಓಡುವ ನಮ್ಮ ಬೋರ್ಡಿನಲ್ಲಿ 7805 ಬೆಚ್ಚಗಾದರೆ ಹೆಚ್ಚು. ಬೆರಳಿಡಲು ಬಾರದಷ್ಟು ಬಿಸಿಯಾದರೆ ಹೀಟ್‌ಸಿಂಕ್ ಹುಡುಕಬೇಡಿ, ಯಾವುದು ಕರೆಂಟ್ ನುಂಗುತ್ತಿದೆ ಎಂದು ಹುಡುಕಿ.

5 ವೋಲ್ಟ್ ಇದೆ, ಚಿಪ್ ಸತ್ತಂತಿದೆ

ಸಾಕೆಟ್ ಖಾಲಿ ಇರುವಾಗಲೇ ಅಳೆಯಿರಿ: 7 ಮತ್ತು 20ನೇ ಪಿನ್‌ನಲ್ಲಿ 5 ವೋಲ್ಟ್, 8 ಮತ್ತು 22ರಲ್ಲಿ ಗ್ರೌಂಡ್, 1ನೇ ಪಿನ್‌ನಲ್ಲಿ 10 ಕಿಲೊ ಓಮ್ ಮೂಲಕ 5 ವೋಲ್ಟ್. ಪ್ರೋಬನ್ನು ಟ್ರ್ಯಾಕಿಗೆ ಬೇಡ, ಸಾಕೆಟ್‌ನ ಒಳಕ್ಕೇ ತಾಗಿಸಿ. ಬೆಸುಗೆ ಹಿಡಿಯದ ಪಿನ್ ಆಗ ಮಾತ್ರ ಸಿಕ್ಕಿಬೀಳುತ್ತದೆ.

ಒಂದು ಸೆಕೆಂಡಿಗೆ ಮಿನುಗಬೇಕಾದ ಎಲ್‌ಇಡಿ 16 ಸೆಕೆಂಡಿಗೊಮ್ಮೆ ಮಿನುಗಿದರೆ ಬೋರ್ಡ್ ಸರಿ ಇದೆ. ಹೊಸ ಎಟಿಮೆಗಾ ಕಾರ್ಖಾನೆಯಿಂದ ಬರುವಾಗ ಒಳಗಿನ ಗಡಿಯಾರದಲ್ಲಿ 1 ಮೆಗಾಹರ್ಟ್ಸ್‌ಗೆ ಓಡುತ್ತದೆ. ಹೊರಗಿನ 16 ಮೆಗಾಹರ್ಟ್ಸ್ ಹರಳನ್ನು ಅದು ನೋಡುವುದು ಫ್ಯೂಸ್ (ಚಿಪ್ಪಿನೊಳಗಿನ ಸೆಟ್ಟಿಂಗ್) ಬದಲಿಸಿದ ಮೇಲೆಯೇ.

ಪ್ರೋಗ್ರಾಮರ್ ಚಿಪ್ಪನ್ನೇ ಗುರುತಿಸದಿದ್ದರೆ 6 ಪಿನ್ನಿನ ಹೆಡರನ್ನು ನೋಡಿ. ಅದರಲ್ಲಿ 1, 3, 5 ಒಂದು ಸಾಲು, 2, 4, 6 ಎದುರು ಸಾಲು. ಸ್ಕೀಮ್ಯಾಟಿಕ್‌ನಲ್ಲಿ ಸುತ್ತಿಬರುವ ಎಣಿಕೆಯ ಸಿಂಬಲ್ ಆರಿಸಿದ್ದರೆ ಪವರ್ ಹೋಗಬೇಕಾದಲ್ಲಿ ಬೇರೇನೋ ಹೋಗುತ್ತದೆ. ಹರಳು ಮತ್ತು ಅದರ ಎರಡು 22 ಪಿಕೊಫ್ಯಾರಡ್ ಕೆಪಾಸಿಟರ್‌ಗಳು 9, 10ನೇ ಪಿನ್ ಹತ್ತಿರವೇ, ಒಂದು ಸೆಂ.ಮೀ. ಒಳಗೆ ಇರಲಿ. 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂಡ 7 ಮತ್ತು 8ಕ್ಕೆ ಒತ್ತಿಕೊಂಡಂತಿರಬೇಕು. ಬೋರ್ಡಿನ ಇನ್ನೊಂದು ಮೂಲೆಯಲ್ಲಿಟ್ಟರೆ ಸ್ಕೀಮ್ಯಾಟಿಕ್ ಪ್ರಕಾರ ಸರಿ, ಕೆಲಸಕ್ಕೆ ಬಾರದು.

ರಿಲೇ ಎಳೆಯುತ್ತಿಲ್ಲ

ರಿಲೇ ಕಾಯಿಲ್ 400 ಓಮ್, 12 ವೋಲ್ಟಿಗೆ 30 ಮಿಲಿ ಆಂಪಿಯರ್. ಬಿಸಿ547 ಇದನ್ನು ಸಲೀಸಾಗಿ ತಾಳುತ್ತದೆ. ಹಾಗಾಗಿ ರಿಲೇ ಎಳೆಯದಿದ್ದರೆ ಸಂಶಯ ಕಾಲುಗಳ ಕ್ರಮದ ಮೇಲೆ. ಅಂಗಡಿಯವರು "ಬಿಸಿ547 ಖಾಲಿ ಆಗೇದರೀ, ಇದನ್ನ ಒಯ್ರಿ" ಎಂದು ಪ್ಲಾಸ್ಟಿಕ್ ಪಿಎನ್2222 ಕೊಟ್ಟಿರುತ್ತಾರೆ. ಅದು ಒಳ್ಳೆಯ ಟ್ರಾನ್ಸಿಸ್ಟರೇ. ಆದರೆ ಚಪ್ಪಟೆ ಮುಖ ಎದುರಿಟ್ಟು ಎಡದಿಂದ ಓದಿದರೆ ಬಿಸಿ547 ಕಲೆಕ್ಟರ್, ಬೇಸ್, ಎಮಿಟರ್; ಇದು ಎಮಿಟರ್, ಬೇಸ್, ಕಲೆಕ್ಟರ್. ಲೇಔಟಿನಲ್ಲಿ ತೋರಿಸಿದ ದಿಕ್ಕಿಗೆ ಬೆನ್ನು ಮಾಡಿ ಬೆಸೆದರೆ ಬೋರ್ಡ್ ಬದಲಿಸದೇ ಕೆಲಸ ಆಗುತ್ತದೆ.

ಸರಿಯಾದ ಬೋರ್ಡಿನಲ್ಲಿ ರಿಲೇ ಎಳೆದಾಗ ಬೇಸ್‌ನಲ್ಲಿ 0.7 ವೋಲ್ಟ್ ಆಸುಪಾಸು, ಕಲೆಕ್ಟರ್‌ನಲ್ಲಿ 0.3ಕ್ಕಿಂತ ಕಡಿಮೆ ಇರುತ್ತದೆ. ಬೇಸ್‌ನಲ್ಲಿ ಸೊನ್ನೆ ಇದ್ದರೆ ತಪ್ಪು ಚಿಪ್ ಕಡೆ ಅಥವಾ 1 ಕಿಲೊ ಓಮ್ ರೆಸಿಸ್ಟರ್ ಕಡೆ. ಬೇಸ್‌ನಲ್ಲಿ 5 ವೋಲ್ಟ್ ಬಂದರೆ ಎಮಿಟರ್ ಗ್ರೌಂಡಿಗೆ ತಾಗಿಲ್ಲ, ಅಥವಾ ಟ್ರಾನ್ಸಿಸ್ಟರ್ ಸುಟ್ಟಿದೆ.

ರಿಲೇ ಎಳೆದಾಗ, ಅಥವಾ ಎಸ್‌ಎಂಎಸ್ ಹೋಗುವಾಗ ಬೋರ್ಡ್ ತಾನೇ ರೀಸೆಟ್ ಆಗುತ್ತದೆ

ರಿಲೇ ಬಿಡುವಾಗ ರೀಸೆಟ್ ಆದರೆ ಕಾಯಿಲ್‌ಗೆ ಅಡ್ಡ ಹಾಕಿದ 1ಎನ್4007ನ್ನು ನೋಡಿ, ಬಿಳಿ ಪಟ್ಟಿಯ ತುದಿ 12 ವೋಲ್ಟ್ ಕಡೆಗೇ ಇರಬೇಕು. ಸ್ಟಾರ್ಟರ್ ಜೋಡಿಸಿದಾಗ ಮಾತ್ರ ರೀಸೆಟ್ ಆದರೆ ಗದ್ದಲ ಬರುತ್ತಿರುವುದು ಅದರೊಳಗಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕಾಯಿಲಿನಿಂದ. 230 ವೋಲ್ಟ್ ಕಾಯಿಲಾದರೆ ರಿಲೇ ಸಂಪರ್ಕಕ್ಕೆ ಅಡ್ಡಲಾಗಿ 100 ಓಮ್ ಮತ್ತು 275 ವೋಲ್ಟ್ ಎಸಿಯ ಎಕ್ಸ್2 ವರ್ಗದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್‌ನ ಸರಣಿ ಬೇಕು.

ಮೊಬೈಲಿನಿಂದ ಪಂಪ್ ಚಾಲೂ ಮಾಡಲು ಸಿಮ್800ಎಲ್ ಮಾಡ್ಯೂಲ್ ಹಾಕಿದವರ ತೊಂದರೆ ಬಹುತೇಕ ಟ್ರ್ಯಾಕಿನ ಅಗಲದ್ದೇ. ಆ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು, ಸಿಗ್ನಲ್ ಕಳಿಸುವ ಗಳಿಗೆಯಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಹೊಸಬರು ಎಳೆದ 0.25 ಮಿ.ಮೀ. ಟ್ರ್ಯಾಕ್ 10 ಸೆಂ.ಮೀ. ಉದ್ದ ಹೋಗಿದೆ ಎನ್ನಿ. 35 ಮೈಕ್ರಾನ್ ತಾಮ್ರದಲ್ಲಿ ಅದರ ರೋಧ 0.2 ಓಮ್. 2 ಆಂಪಿಯರ್‌ಗೆ 0.4 ವೋಲ್ಟ್ ದಾರಿಯಲ್ಲೇ ಖರ್ಚು. ಗ್ರೌಂಡಿನ ದಾರಿಯೂ ಅಷ್ಟೇ ತೆಳುವಾಗಿದ್ದರೆ 0.8. ಪೂರೈಕೆ 4.0 ಇಟ್ಟಿದ್ದರೆ ಮಾಡ್ಯೂಲಿಗೆ ಮುಟ್ಟುವುದು 3.2, ಅದು ಮಲಗುತ್ತದೆ. ಮಲ್ಟಿಮೀಟರ್ ಇದನ್ನು ತೋರಿಸುವುದಿಲ್ಲ, ಕುಸಿತ ಅಷ್ಟು ಕ್ಷಣಿಕ. ಟ್ರ್ಯಾಕನ್ನು 2 ಮಿ.ಮೀ. ಮಾಡಿದರೆ ಒಂದೊಂದು ದಾರಿಯ ಕುಸಿತ 0.4ರಿಂದ 0.05ಕ್ಕೆ ಇಳಿಯುತ್ತದೆ. ಮಾಡಿದ ಬೋರ್ಡಿನಲ್ಲಾದರೆ ಟ್ರ್ಯಾಕಿನ ಮೇಲೆ ದಪ್ಪ ತಾಮ್ರದ ತಂತಿ ಬೆಸೆಯಿರಿ, ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ.

ಬಿಸಿಯಾಗುವ ಲೆಕ್ಕಕ್ಕೆ, ಹೊರಪದರದ 35 ಮೈಕ್ರಾನ್ ತಾಮ್ರ 10 ಡಿಗ್ರಿ ಏರಬಹುದು ಎಂದರೆ 1 ಆಂಪಿಯರ್‌ಗೆ 0.3, 2ಕ್ಕೆ 0.8, 3ಕ್ಕೆ 1.4, 5ಕ್ಕೆ 2.8 ಮಿ.ಮೀ. ಕನಿಷ್ಠ ಅಗಲ. ಕೈಕ್ಯಾಡ್‌ನ ಒಳಗಿರುವ ಕ್ಯಾಲ್ಕುಲೇಟರ್ ಕೂಡ ಇದನ್ನೇ ಕೊಡುತ್ತದೆ.

ಮಳೆಗಾಲದಲ್ಲಿ ಮಾತ್ರ ತೊಟ್ಟಿ ತುಂಬಿದೆ ಎಂದು ಸುಳ್ಳು ಹೇಳುತ್ತದೆ

ಬೆಳಗಾವಿ, ಖಾನಾಪುರ ಕಡೆಯ ತೇವದಲ್ಲಿ ಇದು ಹೆಚ್ಚು. ಪ್ರೋಬ್ ಇನ್‌ಪುಟ್‌ಗೆ 1 ಮೆಗಾ ಓಮ್ ಪುಲ್‌ಅಪ್ (5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಇದ್ದರೆ, ತೊಳೆಯದ ಫ್ಲಕ್ಸ್ ಮತ್ತು ಎರೆ ಮಣ್ಣಿನ ಧೂಳು ತೇವ ಹೀರಿ ಟ್ರ್ಯಾಕ್‌ಗಳ ನಡುವೆ ಅದೇ ಮಟ್ಟದ ದಾರಿ ಮಾಡುತ್ತವೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು ಒಣಗಿಸಿ. ಆಲ್ಕೊಹಾಲ್ ಹತ್ತಿರ ಬೆಂಕಿ, ಬಿಸಿ ಬೆಸುಗೆ ಕಡ್ಡಿ ಬೇಡ. ತಪ್ಪು ಹೋದರೆ ಕಾರಣ ಅದೇ. ಮೇಲೆ ಪಿಸಿಬಿ ವಾರ್ನಿಷ್ ಹೊಡೆಯಿರಿ, ಪುಲ್‌ಅಪ್ಪನ್ನು 100 ಕಿಲೊ ಓಮ್‌ಗೆ ಇಳಿಸಿ.

ರಿಲೇ ಹತ್ತಿರ ಚಟ್ ಎಂಬ ಸದ್ದು, ಕಪ್ಪು ಗುರುತು, ಅಥವಾ ಬೋರ್ಡ್ ಮುಟ್ಟಿದರೆ ಜುಂ ಎನ್ನುತ್ತದೆ

ಇಲ್ಲಿ ನಿಲ್ಲಿಸಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಮೂರು ಫೇಸ್ ಕರೆಂಟ್ ಹೊತ್ತುಗೊತ್ತಿಲ್ಲದೇ ಬರುತ್ತದೆ, ಸ್ವಿಚ್ ಇಳಿಸದೆ "ಈಗ ಕರೆಂಟ್ ಇಲ್ಲ" ಎಂದು ಕೈ ಹಾಕಬೇಡಿ.

ತಪ್ಪು ಹೆಚ್ಚಾಗಿ ಲೇಔಟಿನಲ್ಲೇ ಇರುತ್ತದೆ. ಗ್ರೌಂಡ್ ಝೋನಿನ ಅಂತರ ಕೈಕ್ಯಾಡ್‌ನಲ್ಲಿ ಮೊದಲಿಗೆ 0.5 ಮಿ.ಮೀ. ಇರುತ್ತದೆ. ನೀವು ಇಡೀ ಬೋರ್ಡಿಗೆ ಝೋನ್ ಎಳೆದಿದ್ದರೆ ಗ್ರೌಂಡ್ ತಾಮ್ರ ರಿಲೇಯ ಮೇನ್ಸ್ ಪ್ಯಾಡಿಗೆ ಅರ್ಧ ಮಿ.ಮೀ. ಹತ್ತಿರ ಬಂದು ನಿಂತಿರುತ್ತದೆ, ಡಿಆರ್‌ಸಿ ಸೊನ್ನೆ ತೋರಿಸುತ್ತದೆ. ಮೇನ್ಸ್ ತಾಮ್ರ ಮತ್ತು ಕಡಿಮೆ ವೋಲ್ಟ್ ತಾಮ್ರದ ನಡುವೆ ಕನಿಷ್ಠ 6 ಮಿ.ಮೀ., ಧೂಳಿನ ಜಾಗವಾದ್ದರಿಂದ 8 ಇಡಿ. ಆ ಭಾಗಕ್ಕೆ ತಾಮ್ರ ನಿಷೇಧಿತ ಪ್ರದೇಶ ಎಳೆಯಿರಿ. ಈ ಜಾತಿಯ ರಿಲೇಯಲ್ಲಿ ಸಾಮಾನ್ಯ ಸಂಪರ್ಕದ (ಕಾಮನ್) ಪಿನ್ ಎರಡು ಕಾಯಿಲ್ ಪಿನ್‌ಗಳ ನಡುವೆಯೇ ಕೂತಿದೆ. ಕೇಂದ್ರದಿಂದ ಕೇಂದ್ರಕ್ಕೆ 6.3 ಮಿ.ಮೀ. ಇದ್ದರೂ ಪ್ಯಾಡ್‌ಗಳ ಅಗಲ ಕಳೆದರೆ 4ಕ್ಕಿಂತ ಕಡಿಮೆ ಉಳಿಯುತ್ತದೆ. ಅಲ್ಲಿ ಪ್ಯಾಡ್ ನಡುವೆ ಬೋರ್ಡನ್ನೇ ಸೀಳಿ ಸ್ಲಾಟ್ ಮಾಡಬೇಕು, ಇಲ್ಲವೇ ಕಾಯಿಲ್ ಮತ್ತು ಸಂಪರ್ಕ ಎದುರುಬದುರು ಬದಿಯಲ್ಲಿರುವ ರಿಲೇ ಆರಿಸಬೇಕು. ಎರಡನೆಯದೇ ಮೇಲು.

ಇನ್ನೊಂದು ಮಾತು ಕಡ್ಡಾಯ. ಈ ರಿಲೇ ಪಂಪ್ ಮೋಟಾರನ್ನು ನೇರ ಓಡಿಸಲಾರದು, ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು ಮಾತ್ರ. ಅದಕ್ಕೂ ಮೊದಲು ಕಾಯಿಲಿನ ಮೇಲೆ ಬರೆದ ವೋಲ್ಟೇಜ್ ಓದಿ. ರಿಲೇಯ ಸಂಪರ್ಕಕ್ಕೆ ಇರುವ ಮಿತಿ 250 ವೋಲ್ಟ್ ಎಸಿ. ಕಾಯಿಲ್ 415 ವೋಲ್ಟಿನದಾದರೆ ಅದನ್ನು ಈ ಬೋರ್ಡಿಗೆ ಜೋಡಿಸಲೇಬಾರದು. ನಡುವೆ ತಕ್ಕ ರೇಟಿಂಗಿನ ಸಹಾಯಕ ಕಾಂಟ್ಯಾಕ್ಟರ್ ಬೇಕು. ಆ ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ, ವಿದ್ಯಾರ್ಥಿಯದಲ್ಲ.

ಬೇರೆಯವರನ್ನು ಕೇಳುವ ಹೊತ್ತು

ಮೇನ್ಸ್ ಬದಿಯ ಯಾವ ಲಕ್ಷಣಕ್ಕಾದರೂ ಕೂಡಲೇ. ಉಳಿದವಕ್ಕೆ, ಒಂದೇ ಬೋರ್ಡಿನಲ್ಲಿ ಎರಡನೇ ಚಿಪ್ ಸತ್ತಾಗ, ಅಥವಾ ಒಂದೇ ಪ್ಯಾಡನ್ನು ಮೂರು ಸಲ ಬಿಚ್ಚಿ ಬೆಸೆದಾಗ ನಿಲ್ಲಿಸಿ. ನಾಲ್ಕನೇ ಸಲಕ್ಕೆ ತಾಮ್ರ ಎದ್ದು ಬರುತ್ತದೆ. ಲ್ಯಾಬಿನ ಸರ್ ಹತ್ತಿರವೋ ಸೀನಿಯರ್ ಹತ್ತಿರವೋ ಹೋಗುವಾಗ ಇವು ಕೈಯಲ್ಲಿರಲಿ: ಸ್ಕೀಮ್ಯಾಟಿಕ್‌ನ ಕಾಗದ, ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆದ 12 ವೋಲ್ಟ್, 5 ವೋಲ್ಟ್, ಬೇಸ್, ಕಲೆಕ್ಟರ್‌ನ ಅಳತೆಗಳು, ಬೋರ್ಡಿನ ಎರಡೂ ಬದಿಯ ಸ್ಪಷ್ಟ ಫೋಟೊ, ಮತ್ತು ಬಿಡಿಭಾಗಗಳ ಮೈಮೇಲೆ ಇರುವ ಬರಹ ಅಕ್ಷರಕ್ಕೆ ಅಕ್ಷರ. ಪೂರ್ತಿ ಪ್ರಾಜೆಕ್ಟ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಲೇಔಟ್ ಫೈಲ್ ಒಂದನ್ನೇ ಒಯ್ದರೆ ಸ್ಕೀಮ್ಯಾಟಿಕ್ ಜೊತೆ ಅದನ್ನು ಹೋಲಿಸಿ ನೋಡಲು ಅವರಿಗೆ ದಾರಿಯೇ ಇರುವುದಿಲ್ಲ.